ಉದ್ರಿಯ ಮೇಲೆ ನಿಂತ ಊರುಗಳು

ಸಣ್ಣ ಊರಿನ ಬಾಳುವೆ ಎಂಥದೆಂದು ತಿಳಿಯಬಯಸುವವರು ಅಲ್ಲಿಯ ಅರಮನೆಯನ್ನೂ ಗುಡಿಯನ್ನೂ ನೋಡಿಕೊಂಡು ಹೋದರೆ ಸಾಲದು. ಪೇಟೆಯ ಒಂದು ಕಿರಾಣಿ ಅಂಗಡಿಗೆ ಹೋಗಿ ಅಲ್ಲಿಯ ಉದ್ರಿ ಪುಸ್ತಕವನ್ನು ತೆರೆಯಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಪೇಟೆಗಳ ನಿಜವಾದ ಚರಿತ್ರೆ ಆ ಪುಸ್ತಕದಲ್ಲಿದೆ. ಯಾರ ಮನೆಗೆ ಎಷ್ಟು ಜೋಳ, ಎಷ್ಟು ಎಣ್ಣೆ, ಎಷ್ಟು ಚಹಾಪುಡಿ ಹೋಯಿತು. ಯಾವ ವಾರ ಮಗ್ಗ ನಿಂತಿತು. ಯಾವ ತಿಂಗಳು ಕಬ್ಬಿನ ಬಿಲ್ಲು ಬರಲಿಲ್ಲ. ಯಾರ ಮಗಳ ಮದುವೆಯಾಯಿತು. ಯಾರು ಬೇನೆಯವರನ್ನು ಕಟ್ಟಿಕೊಂಡು ಮಿರಜಿಗೆ ಹೋದರು, ಎಲ್ಲವೂ ಅಲ್ಲಿ ಅಂಕಿಗಳಾಗಿ ಕುಳಿತಿವೆ.

ಈ ಉದ್ರಿಯಲ್ಲಿ ಒಂದು ದೊಡ್ಡ ಗುಣವಿದೆ. ಅದನ್ನು ನಾವು ಮೊದಲು ಹೇಳುತ್ತೇವೆ. ಬೆಂಗಳೂರಿನಲ್ಲಾಗಲಿ ಪುಣೆಯಲ್ಲಾಗಲಿ ರೊಕ್ಕವಿಲ್ಲದೆ ಹಿಡಿ ಉಪ್ಪು ಹುಟ್ಟಲಿಕ್ಕಿಲ್ಲ. ನಮ್ಮಲ್ಲಿ ಹಾಗಿಲ್ಲ. "ಬರಕೋರಿ ಸಾವಕಾರ್ರ, ಬಿಲ್ಲ ಬಂದ ಮ್ಯಾಲ ಕೊಡ್ತೀನಿ" ಎಂದರೆ "ಇರ್ಲಿ ತಗೋ ತಮ್ಮಾ" ಎಂಬ ಉತ್ತರ ಬರುತ್ತದೆ. ಕಾಗದವಿಲ್ಲ, ಜಾಮೀನಿಲ್ಲ, ಬಡ್ಡಿಯಿಲ್ಲ. ಮುಖದ ಗುರುತೇ ಜಾಮೀನು. ನೆರೆಮನೆಯ ಒಲೆ ಹೊತ್ತಲಿಲ್ಲವೆಂದು ತಿಳಿದರೆ ನಾಲ್ಕು ರೊಟ್ಟಿ ಗೋಡೆ ದಾಟಿ ಹೋಗುತ್ತವೆ. ಸಾವಿನ ಮನೆಗೆ ಕರೆಯದೆ ಹೆಗಲು ಬರುತ್ತವೆ. ಸಣ್ಣ ಊರಿನ ಈ ಒಳ್ಳೆಯತನ ಸುಳ್ಳಲ್ಲ.

ಆದರೆ ಈ ಒಳ್ಳೆಯತನದ ಖರ್ಚನ್ನು ಕೊಡುವವರು ಯಾರು, ಲಾಭವನ್ನು ಉಣ್ಣುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಕೇಳುವದಿಲ್ಲ. ಇಂದು ನಾವು ಅದನ್ನು ಕೇಳಬಯಸುತ್ತೇವೆ. ನಮ್ಮ ಉತ್ತರವನ್ನೂ ಮೊದಲೇ ಹೇಳಿಬಿಡುತ್ತೇವೆ: ಕಿರಾಣಿ ಅಂಗಡಿಯವನು ಬಡವನಿಗೆ ಕೊಡುತ್ತಿರುವ ಉದ್ರಿ, ನಿಜವಾಗಿ ನೋಡಿದರೆ, ದೊಡ್ಡ ಬಂಡವಾಳಗಾರನಿಗೆ ಕೊಡುತ್ತಿರುವ ಬಿಡಿಗಾಸಿನ ಬಡ್ಡಿಯಿಲ್ಲದ ಸಾಲ.

ಇದು ಹೇಗೆಂದು ತಿಳಿಯಲು ಊರುಗಳನ್ನು ಒಂದೊಂದಾಗಿ ನೋಡಬೇಕು.

ಈ ನಾಲ್ಕು ಪೇಟೆಗಳು ಒಂದಕ್ಕೊಂದು ಹತ್ತಿರವಿದ್ದರೂ ಬಹುಕಾಲ ಬೇರೆ ಬೇರೆ ಧಣಿಗಳ ಕೆಳಗಿದ್ದವು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ನೇರವಾಗಿ ಇಂಗ್ರಜರ ವಿಜಾಪುರ ಜಿಲ್ಲೆಯಲ್ಲಿತ್ತು. 1948 ರಲ್ಲಿ ಸಂಸ್ಥಾನಗಳು ವಿಲೀನವಾದವು. 1956 ರಲ್ಲಿ ಕನ್ನಡ ನಾಡು ಒಂದಾಯಿತು. ಜಮಖಂಡಿಯ ಬದಿಯ ಸಾವಳಗಿಯಲ್ಲಿ ಹುಟ್ಟಿದ ಬಿ. ಡಿ. ಜತ್ತಿಯವರು 1958 ರಲ್ಲಿ ರಾಜ್ಯದ ಮುಖ್ಯಮಂತ್ರಿಗಳಾದರು, 1974 ರಲ್ಲಿ ದೇಶದ ಉಪರಾಷ್ಟ್ರಪತಿಗಳಾದರು. 1997 ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಧಣಿಗಳು ಹೋದರು, ನಮ್ಮವರೇ ದೊಡ್ಡ ಕುರ್ಚಿಗಳನ್ನೇರಿದರು, ಕಚೇರಿ ಹತ್ತಿರ ಬಂತು. ಆದರೂ ದುಡಿದವನ ಕೂಲಿಯ ದರವನ್ನು ಗೊತ್ತುಮಾಡುವ ಜಾಗ ಮಾತ್ರ ನಮ್ಮ ಊರಿಗೆ ಬರಲೇ ಇಲ್ಲ.

ಮೊದಲು ರಬಕವಿ-ಬನಹಟ್ಟಿಯನ್ನು ನೋಡೋಣ. ರಬಕವಿ, ಬನಹಟ್ಟಿ, ರಾಂಪುರ, ಹೊಸೂರು ಸೇರಿ ಒಂದು ನಗರಸಭೆ. 2011 ರ ಜನಗಣತಿಯ ಹೊತ್ತಿಗೇ ಇಲ್ಲಿ 75 ಸಾವಿರಕ್ಕೂ ಹೆಚ್ಚು ಜನ. ತನ್ನ ತಾಲೂಕು ಪೇಟೆಯಾಗಿದ್ದ ಜಮಖಂಡಿಗಿಂತ ದೊಡ್ಡ ಊರಾಗಿದ್ದೂ ತಾನೇ ತಾಲೂಕಾಗಲು ಅದು 2018 ರ ತನಕ ಕಾಯಬೇಕಾಯಿತು. ಇಲ್ಲಿ ಬೆಳಗಾಗುವದು ಕೋಳಿಯ ಕೂಗಿನಿಂದಲ್ಲ, ಮಗ್ಗದ ಸಪ್ಪಳದಿಂದ. ಓಣಿಯಿಂದ ಓಣಿಗೆ ಹೋದರೂ ಆ ಖಟಖಟ ಬೆನ್ನು ಬಿಡುವದಿಲ್ಲ. ಇಲ್ಲಿ ನೆಯ್ದ ಸೀರೆಯನ್ನು ಮಹಾರಾಷ್ಟ್ರದ ಹೆಣ್ಣುಮಕ್ಕಳು ಉಡುತ್ತಾರೆ, ಆಂಧ್ರ ತೆಲಂಗಾಣಗಳಲ್ಲಿ ಉಡುತ್ತಾರೆ. ನೆಯ್ದವನ ಹೆಸರು ಸೀರೆಯ ಸೆರಗಿನ ಮೇಲೆ ಇರುವದಿಲ್ಲ.

ನೇಕಾರಿಕೆಯ ವ್ಯವಹಾರ ನಮ್ಮ ಓದುಗರಲ್ಲಿ ಬಹಳ ಜನಕ್ಕೆ ಗೊತ್ತು. ನೂಲು ಒಬ್ಬನದು, ಮಗ್ಗ ಮತ್ತೊಬ್ಬನದು, ಮೈ ಮುರಿಯುವದು ಮೂರನೆಯವನದು. ಸೀರೆಗೆ ಇಷ್ಟೆಂದು ಮಜೂರಿ. ನೂಲಿನ ಧಾರಣಿ ಏರಿದರೆ ಮಜೂರಿ ನಿಲ್ಲುತ್ತದೆ; ಸೀರೆಯ ಧಾರಣಿ ಇಳಿದರೆ ಮಜೂರಿ ಇಳಿಯುತ್ತದೆ; ಸೀರೆಯ ಧಾರಣಿ ಏರಿದರೆ ಮಾತ್ರ ಮಜೂರಿಗೆ ಅದು ಕೇಳಿಸುವದಿಲ್ಲ. ಮದುವೆಗೋ ಬೇನೆಗೋ ಮಾಲಕನಿಂದ ಮುಂಗಡ ತೆಗೆದುಕೊಂಡ ನೇಕಾರನು ಅದು ತೀರುವ ತನಕ ಬೇರೆ ಮಗ್ಗಕ್ಕೆ ಹೋಗಲಾರ. ಅದು ತೀರುವದೂ ಇಲ್ಲ. ಮಜೂರಿ ಬರೆಯುವದು ಒಬ್ಬನ ಹೆಸರಿನಲ್ಲಿ, ದುಡಿಯುವದು ಮನೆಮಂದಿಯೆಲ್ಲ. ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಮುದುಕಿ ತಾಯಿ ನೂಲು ಬಿಡಿಸುತ್ತಾಳೆ, ಶಾಲೆಯಿಂದ ಬಂದ ಮಗಳು ಕೈಗೂಡಿಸುತ್ತಾಳೆ. ಈ ಮೂವರ ದುಡಿತಕ್ಕೆ ಯಾವ ಲೆಕ್ಕದ ಪುಸ್ತಕದಲ್ಲೂ ಒಂದು ಸಾಲಿಲ್ಲ.

ಸರಕಾರ ಸುಮ್ಮನೆ ಕುಳಿತಿಲ್ಲವೆಂದು ಹೇಳುವವರಿದ್ದಾರೆ. ಏನೇನು ಆಗಿದೆಯೋ ಅದನ್ನು ಮರೆಮಾಚುವದು ನಮ್ಮ ರೀತಿಯಲ್ಲ. 1975 ರಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮ ಹುಟ್ಟಿತು. 1985 ರಲ್ಲಿ ಕೇಂದ್ರ ಸರಕಾರ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯದೆ ಮಾಡಿತು. ಮುಂದೆ ಆ 22 ಬಗೆ 11 ಕ್ಕೆ ಇಳಿದವು. 2020 ರಲ್ಲಿ ರಾಜ್ಯ ಸರಕಾರ ನೇಕಾರ ಸಮ್ಮಾನವೆಂದು ಕೈಮಗ್ಗದ ನೇಕಾರನಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ತೊಡಗಿತು; 2022 ರಲ್ಲಿ ಅದನ್ನು 5,000 ಕ್ಕೆ ಏರಿಸಿತು. 2023 ರ ಬಜೆಟಿನಲ್ಲಿ ಸಣ್ಣ ವಿದ್ಯುತ್ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್ ವಿದ್ಯುತ್ತನ್ನು ಬಿಟ್ಟಿ ಕೊಡುವದಾಗಿ ಸಾರಿತು. ಇವನ್ನು ನಾವು ಬೇಡವೆನ್ನುವದಿಲ್ಲ. ಆದರೆ ವರ್ಷದ 5,000 ರೂಪಾಯಿಯನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ 14 ರೂಪಾಯಿಯೂ ತುಂಬುವದಿಲ್ಲ. ಸಮ್ಮಾನವೆಂಬ ಶಬ್ದ ದೊಡ್ಡದು, ತಟ್ಟೆಯಲ್ಲಿಯ ರೊಟ್ಟಿ ಸಣ್ಣದು. ವಿದ್ಯುತ್ತಿನ ಬಿಲ್ಲು ಇಳಿದಾಗ ಮಗ್ಗದ ಮಾಲಕನಿಗೆ ಉಸಿರು ಬಂತು; ಅವನೂ ನಮ್ಮವನೇ, ಎರಡು ನಾಲ್ಕು ಮಗ್ಗದವನು. ಆದರೆ ಆ ಉಳಿತಾಯದಲ್ಲಿ ಮಗ್ಗದ ಮುಂದೆ ನಿಂತವನಿಗೆ ಪಾಲೆಷ್ಟು ಎಂದು ಯಾವ ಆಜ್ಞೆಯಲ್ಲೂ ಬರೆದಿಲ್ಲ. ಕೈಮಗ್ಗವನ್ನು ವಿದ್ಯುತ್ ಮಗ್ಗ ನುಂಗಿತು. ಈಗ ನಮ್ಮ ಸಣ್ಣ ವಿದ್ಯುತ್ ಮಗ್ಗವನ್ನು ಸುರತದ ದೊಡ್ಡ ಗಿರಣಿಗಳ ಅಗ್ಗದ ಸೀರೆ ನುಂಗುತ್ತಲಿದೆ.

ಇನ್ನು ಮುಧೋಳ, ಜಮಖಂಡಿಗಳ ಕಡೆಗೆ ಬರೋಣ. ಮುಧೋಳವು ರನ್ನ ಕವಿಯ ಊರು. ಮುಧೋಳದ ನಾಯಿ ಸೈನ್ಯವನ್ನೂ ಸೇರಿತು. 2020 ರಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯಲ್ಲಿ ಅದರ ಹೆಸರೆತ್ತಿ ಹೊಗಳಿದರು. ನಮಗೂ ಸಂತೋಷವೇ. ಅದೇ ಊರಿನ ಸುತ್ತ ಕಬ್ಬು ಬೆಳೆಯುವವನ, ಕಡಿಯುವವನ, ಅರೆಯುವವನ ಹೆಸರೆತ್ತುವವರು ಯಾರಾದರೂ ಇದ್ದಾರೆಯೇ? ಘಟಪ್ರಭೆ, ಕೃಷ್ಣೆಗಳ ನೀರು ಹರಿದಲ್ಲೆಲ್ಲ ಕಬ್ಬು ನಿಂತಿದೆ. ಸಮೀರವಾಡಿಯಿಂದ ಹಿಡಿದು ಜಮಖಂಡಿಯ ತನಕ ಸಕ್ಕರೆ ಕಾರಖಾನೆಗಳ ಚಿಮಣಿಗಳು ಕಾಣುತ್ತವೆ. ಮಹಾಲಿಂಗಪುರದ ಬೆಲ್ಲದ ಪೇಟೆಗೆ ದೂರದೂರದ ವ್ಯಾಪಾರಸ್ಥರು ಬರುತ್ತಾರೆ. ಇಷ್ಟು ಸಿಹಿಯನ್ನು ಹುಟ್ಟಿಸುವ ನಾಡಿನಲ್ಲಿ ಹಂಗಾಮು ಮುಗಿದ ಮೇಲೆ ಚಹಾಕ್ಕೆ ಸಕ್ಕರೆಯನ್ನು ಉದ್ರಿ ತರುವ ಮನೆಗಳಿವೆ.

ಕಬ್ಬಿನ ವಿಷಯದಲ್ಲಿ ಕಾಯದೆ ಇಲ್ಲವೆಂದಲ್ಲ. 1966 ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಮುಟ್ಟಿದ 14 ದಿನಗಳಲ್ಲಿ ರೈತನಿಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15 ರಂತೆ ಬಡ್ಡಿ ಕೂಡಿಸಬೇಕು. 2025-26 ರ ಹಂಗಾಮಿಗೆ ಕೇಂದ್ರ ಸರಕಾರ ಶೇಕಡಾ 10.25 ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ ಗೊತ್ತುಮಾಡಿತು. ಅದರಲ್ಲಿಯೇ ಕಡಿತದ ಕೂಲಿ, ಸಾಗಾಟದ ಬಾಡಿಗೆ ಹೋಗಬೇಕು. ಇಳುವರಿಯನ್ನು ಅಳೆಯುವದು ಕಾರಖಾನೆ, ತೂಕ ಮಾಡುವದು ಕಾರಖಾನೆ, ಸಾಗಾಟವನ್ನು ಮುರಿದುಕೊಳ್ಳುವದು ಕಾರಖಾನೆ. ಕೈಯೊಡ್ಡಿ ನಿಲ್ಲುವದು ಮಾತ್ರ ರೈತ. 14 ದಿನವೆಂಬದು 14 ವಾರವಾದಾಗ ಶೇಕಡಾ 15 ರ ಬಡ್ಡಿಯನ್ನು ಎಣಿಸಿಕೊಂಡು ಮನೆಗೆ ತಂದ ರೈತರು ಎಷ್ಟು ಜನ? ಓದುಗರೇ ತಮ್ಮ ಓಣಿಯಲ್ಲಿ ಕೇಳಿನೋಡಲಿ.

ಕಬ್ಬು ಕಡಿಯುವ ತಂಡಗಳ ಮಾತು ಬೇರೆಯೇ ಇದೆ. ಗಂಡ ಹೆಂಡತಿ ಜೋಡಿಯಾಗಿ ಮುಂಗಡ ಪಡೆದು, ಮಕ್ಕಳನ್ನು ಕರೆದುಕೊಂಡು, ಗದ್ದೆಯ ಬದಿಗೆ ರವದಿಯ ಗುಡಿಸಲು ಹಾಕಿ ಹಂಗಾಮು ಕಳೆಯುತ್ತಾರೆ. ಅವರಿಗೆ ಶಾಲೆಯಿಲ್ಲ, ದವಾಖಾನೆಯಿಲ್ಲ, ನಮ್ಮ ಊರಿನವರೆಂಬ ಲೆಕ್ಕವೂ ಇಲ್ಲ. ಕಾರಖಾನೆಯೊಳಗಿನ ಹಂಗಾಮಿ ಕಾರ್ಮಿಕನ ಬಾಳೂ ಇದಕ್ಕೆ ದೂರವಲ್ಲ: ಚಿಮಣಿ ಹೊಗೆಯಾಡುವಷ್ಟು ದಿನ ಸಂಬಳ, ಮುಂದೆ ಕೈ ಕಟ್ಟಿ ಕೂಡ್ರುವದು.

ಬೀಳಗಿಯ ಕಥೆ ನೀರಿನ ಕಥೆ. 1964 ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಆಣೆಕಟ್ಟೆ ಎದ್ದಿತು, ನೀರು 519.60 ಮೀಟರಿನ ತನಕ ನಿಂತಿತು. ಬೀಳಗಿಯ ಒಂದು ಬದಿಗೆ ಕೃಷ್ಣೆ, ಇನ್ನೊಂದು ಬದಿಗೆ ಘಟಪ್ರಭೆ. ಎರಡೂ ಕಡೆಗೆ ಹಿನ್ನೀರು. 2010 ರಲ್ಲಿ ನ್ಯಾಯಮಂಡಳಿಯು 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. 2025 ರ ಸೆಪ್ಟಂಬರದಲ್ಲಿ ರಾಜ್ಯದ ಮಂತ್ರಿಮಂಡಲವು ಮುಳುಗುವ ಭೂಮಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿಯೆಂದು ತೀರ್ಮಾನಿಸಿತು. ಭೂಮಿ ಇದ್ದವನ ಲೆಕ್ಕ ಹೇಗಾದರೂ ಆದೀತು. ಭೂಮಿ ಇಲ್ಲದವನ ಲೆಕ್ಕ? ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನು, ಆ ಹಳ್ಳಿಯ ಕ್ಷೌರಿಕ, ಬಡಿಗ, ಕುಂಬಾರ, ಆ ಹಳ್ಳಿಯ ಗಿರಾಕಿಗಳನ್ನೇ ನಂಬಿ ಬೀಳಗಿ ಪೇಟೆಯಲ್ಲಿ ಅಂಗಡಿ ಇಟ್ಟವನು, ಇವರದು ಯಾವ ಮೀಟರಿನಲ್ಲಿ ಅಳೆಯುವ ಹಾನಿ? ಹಳ್ಳಿ ಮುಳುಗಿದರೆ ಅಂಗಡಿಯವನ ಉದ್ರಿಯೂ ಮುಳುಗುತ್ತದೆ. ಊರು ಬಿಟ್ಟು ಹೋದವನ ಬಾಕಿಯನ್ನು ಯಾವ ಸರಕಾರವೂ ತುಂಬಿಕೊಡುವದಿಲ್ಲ.

ಈಗ ಎಲ್ಲವನ್ನೂ ಒಂದು ಸಾಲಿನಲ್ಲಿ ಇಟ್ಟು ನೋಡಿರಿ. ಕಾರಖಾನೆ ರೈತನಿಗೆ ತಡಮಾಡುತ್ತದೆ. ರೈತ ಅಂಗಡಿಯವನಿಗೆ ತಡಮಾಡುತ್ತಾನೆ. ದೊಡ್ಡ ಪೇಟೆಯ ಸೀರೆ ವ್ಯಾಪಾರಿ ಮಗ್ಗದ ಮಾಲಕನಿಗೆ ತಿಂಗಳುಗಟ್ಟಲೆ ತಡಮಾಡುತ್ತಾನೆ. ಮಾಲಕ ನೇಕಾರನಿಗೆ ಅರ್ಧ ಕೊಟ್ಟು ಅರ್ಧ ಉಳಿಸುತ್ತಾನೆ. ನೇಕಾರ ಅದೇ ಅಂಗಡಿಗೆ ಬಂದು ಬರಕೋರಿ ಎನ್ನುತ್ತಾನೆ. ಎಲ್ಲ ತಡಗಳೂ ಹರಿದು ಬಂದು ಸೇರುವ ತಗ್ಗು ಒಂದೇ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಆದರೆ ಅಂಗಡಿಯವನಿಗೆ ಮಾಲು ಕೊಡುವ ಠೋಕ ವ್ಯಾಪಾರಿ ಒಂದು ವಾರವೂ ಕಾಯುವದಿಲ್ಲ. ಅವನಿಗೆ ತುಂಬಲು ಅಂಗಡಿಯವನು ಬಡ್ಡಿಗೆ ಸಾಲ ತರುತ್ತಾನೆ. ಹೀಗೆ ಕೋಟಿಗಳಲ್ಲಿ ವ್ಯವಹರಿಸುವವರ ಬಂಡವಾಳದ ಭಾರವನ್ನು ನೂರು ರೂಪಾಯಿಯ ಗಲ್ಲೆಯ ಮೇಲೆ ಕೂತವನು ಹೊರುತ್ತಾನೆ. ಅದಕ್ಕೆ ನಾವು ಊರಿನ ಒಳ್ಳೆಯತನವೆಂದು ಹೆಸರಿಟ್ಟಿದ್ದೇವೆ.

ಈ ಸರಪಳಿ ತುಂಡಾದಾಗ ಏನಾಗುವದೆಂದು ನಾವು ಕಂಡಿದ್ದೇವೆ. 2016 ರಲ್ಲಿ ನೋಟು ರದ್ದಾದಾಗ, 2017 ರಲ್ಲಿ ಜಿ.ಎಸ್.ಟಿ. ಬಂದಾಗ, 2019 ರಲ್ಲಿ ನದಿಗಳು ಉಕ್ಕಿ ಮುಧೋಳದ ಸುತ್ತ ನೀರು ನುಗ್ಗಿದಾಗ, 2020 ರಲ್ಲಿ ಲಾಕ್‌ಡೌನಿನಲ್ಲಿ ಮಗ್ಗಗಳು ಸುಮ್ಮನಾದಾಗ, ಊರನ್ನು ಮೊದಲ ವಾರಗಳಲ್ಲಿ ಉಣಿಸಿದ್ದು ಸರಕಾರವಲ್ಲ, ಉದ್ರಿ ಪುಸ್ತಕ. ಆ ಪುಸ್ತಕ ತುಂಬಿ, ಅಂಗಡಿಯವನು ಇನ್ನು ಸಾಧ್ಯವಿಲ್ಲವೆಂದು ಕೈಯೆತ್ತಿದ ದಿನ ಬಾಗಿಲಿಗೆ ಬಂದವರು ಮೈಕ್ರೋಫೈನಾನ್ಸಿನವರು. ಅಂಗಡಿಯವನು ತಿಂಗಳಿಗೊಮ್ಮೆ ಕೇಳುತ್ತಿದ್ದ, ಮುಖ ನೋಡಿ ಸುಮ್ಮನಾಗುತ್ತಿದ್ದ. ಇವರು ವಾರಕ್ಕೊಮ್ಮೆ ಬರುತ್ತಾರೆ, ಮುಖ ನೋಡುವದಿಲ್ಲ. ಒಬ್ಬಳು ಕಟ್ಟದಿದ್ದರೆ ಗುಂಪಿನ ಹೆಂಗಸರೆಲ್ಲ ಅವಳ ಬಾಗಿಲಿಗೆ ನಿಲ್ಲಬೇಕಾಗುತ್ತದೆ. ನೆರೆಯವಳನ್ನು ನೆರೆಯವಳ ಮೇಲೆ ಬಿಡುವ ವಸೂಲಿ ಇದು. ಕಿರುಕುಳ ಮಿತಿಮೀರಿ ಜೀವಗಳು ಹೋದ ಮೇಲೆ 2025 ರಲ್ಲಿ ರಾಜ್ಯ ಸರಕಾರ ಬಲವಂತದ ವಸೂಲಿಯ ವಿರುದ್ಧ ಕಾನೂನು ತಂದಿತು. ಒಳ್ಳೆಯದಾಯಿತು. ಆದರೆ ಸಾಲ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಯಾವ ಕಾನೂನೂ ಉತ್ತರಿಸಿಲ್ಲ. ಮಜೂರಿ ಹೊತ್ತಿಗೆ ಸರಿಯಾಗಿ ಬಂದಿದ್ದರೆ, ಕಬ್ಬಿನ ಹಣ 14 ದಿನಕ್ಕೆ ಬಂದಿದ್ದರೆ, ಆ ಸಾಲದಲ್ಲಿ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ.

ದಾರಿಯ ಮಾತನ್ನೂ ಹೇಳಬೇಕು. ಪೂರ್ವಕ್ಕೆ ಬಾಗಲಕೋಟೆಯಲ್ಲಿ ಹಳಿ, ಪಶ್ಚಿಮಕ್ಕೆ ಕುಡಚಿಯಲ್ಲಿ ಹಳಿ, ನಡುವೆ ನಾವು. ಇವೆರಡನ್ನೂ ಕೂಡಿಸುವ ರೈಲು ಮಾರ್ಗ 2010-11 ರಲ್ಲಿ ಮಂಜೂರಾಯಿತು. ಮೊದಲ ತುಂಡು ಖಜ್ಜಿಡೋಣಿಯ ತನಕ ಮುಗಿದೇ ವರ್ಷಗಳಾದವು. ಹಳಿ ಇನ್ನೂ ಕುಡಚಿಯನ್ನು ಮುಟ್ಟಿಲ್ಲ. ಮಂಜೂರಾದ ವರ್ಷ ಹುಟ್ಟಿದ ಕೂಸು ಈಗ ಮೀಸೆ ಚಿಗುರುವ ವಯಸ್ಸಿಗೆ ಬಂದಿದೆ. ರೈಲಿಲ್ಲದ್ದರಿಂದ ಸೀರೆಯ ಗಂಟಿಗೂ ಬೆಲ್ಲದ ಪೆಂಟಿಗೂ ಲಾರಿಯ ಬಾಡಿಗೆ, ಬೇನೆಯವನಿಗೆ ಮಿರಜಿನ ದಾರಿಯ ಖರ್ಚು, ಓದುವ ಹುಡುಗನಿಗೆ ಬಸ್ಸಿನ ಖರ್ಚು. ಅವೂ ಕೊನೆಗೆ ಬಂದು ಕೂಡ್ರುವದು ಅದೇ ಉದ್ರಿ ಪುಸ್ತಕದಲ್ಲಿ. ಕಲಿತ ಹುಡುಗರು ಬೆಂಗಳೂರು, ಪುಣೆಗಳಿಗೆ, ಮಗ್ಗ ಬಲ್ಲವರು ಇಚಲಕರಂಜಿಗೆ ಹೋಗುತ್ತಾರೆ. ಜಾತ್ರೆಗೆ ಬಂದು ಎರಡು ದಿನ ಇದ್ದು ತಿರುಗಿ ಬಸ್ಸು ಹತ್ತುವಾಗ ತಾಯಿಯ ಕಣ್ಣಲ್ಲಿ ನೀರು ಬರುತ್ತದೆ. ಇದ್ದ ಊರಿನಲ್ಲಿ ಅನ್ನ ಹುಟ್ಟದಿದ್ದರೆ ಊರಿನ ಪ್ರೀತಿಯೊಂದರಿಂದಲೇ ಹೊಟ್ಟೆ ತುಂಬುವದಿಲ್ಲ.

ಇಷ್ಟು ಬರೆದಾಗ ಕೆಲವರು ನಮಗೆ ಕೇಳುವದುಂಟು: ಸಣ್ಣ ಊರಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬೇಕಾದವರು, ಮಾಲಕನೂ ನೇಕಾರನೂ ಒಂದೇ ಗುಡಿಗೆ ಹೋಗುವವರು, ಅಲ್ಲಿ ಹಕ್ಕಿನ ಮಾತೆತ್ತಿ ಜಗಳ ಹಚ್ಚುವದೇಕೆ? ನಮ್ಮ ಉತ್ತರ ಇಷ್ಟೇ. ಬಾಯಿಮಾತಿನ ಮೇಲೆ ನಡೆದ ವ್ಯವಹಾರದಲ್ಲಿ ಯಾವಾಗಲೂ ಸೋಲುವವನು ಬಡವ. ಬರೆದಿಟ್ಟ ಮಜೂರಿಯಿಂದ ಸ್ನೇಹ ಕೆಡುವದಿಲ್ಲ. ಬರೆಯದ ಮಜೂರಿಯಿಂದ ಕೆಡುತ್ತದೆ. ಮೇಲಾಗಿ ಸಣ್ಣ ಊರಿನ ಮುಖದ ಗುರುತು ಎಲ್ಲರನ್ನೂ ಒಂದೇ ಬಗೆಯಾಗಿ ಕಾಯುವದಿಲ್ಲ. ಯಾರ ಓಣಿ ಊರ ಹೊರಗಿದೆಯೋ, ಯಾರ ಜಾತಿಯನ್ನು ಕೇಳಿ ಬಾಡಿಗೆ ಮನೆಯ ಬಾಗಿಲು ಮುಚ್ಚುತ್ತಾರೋ, ಅವರಿಗೆ ಉದ್ರಿಯೂ ಅಷ್ಟು ಸುಲಭವಾಗಿ ಹುಟ್ಟುವದಿಲ್ಲ. ದಯೆಯು ಕೊಡುವವನ ಮರ್ಜಿಗೆ ಬಿಟ್ಟದ್ದು. ಹಕ್ಕು ಎಲ್ಲರಿಗೂ ಒಂದೇ.

ಕೂಡಿ ಮಾಡುವದು ನಮ್ಮವರಿಗೆ ಬಾರದೆಂದು ಯಾರೂ ಹೇಳುವಂತಿಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ನಿಂತ ಬ್ಯಾರೇಜು ಇದಕ್ಕೆ ಸಾಕ್ಷಿ. ಸರಕಾರದ ದಾರಿ ನೋಡಿ ಸಾಕಾದ ನದಿದಂಡೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮ ವಂತಿಗೆ, ತಮ್ಮ ಮೈದುಡಿತ ಹಾಕಿ 1989 ರಲ್ಲಿ ಅದನ್ನು ಕಟ್ಟಿ ಮುಗಿಸಿದರು. ಶ್ರಮಬಿಂದು ಸಾಗರವೆಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ಅದಕ್ಕೂ ಬಹಳ ಹಿಂದೆ, 1905 ರಲ್ಲಿಯೇ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಹೊಳೆಗೆ ಕಟ್ಟೆ ಹಾಕಿದ ಜನಕ್ಕೆ ಮಜೂರಿಯ ಸೋರಿಕೆಗೆ ಕಟ್ಟೆ ಹಾಕುವದು ಆಗದ ಕೆಲಸವೇ?

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇವೆ. ಒಂದು: ರಬಕವಿ-ಬನಹಟ್ಟಿಯ ಪ್ರತಿಯೊಬ್ಬ ನೇಕಾರನಿಗೂ ಮಜೂರಿಯ ಚೀಟಿ ಇರಬೇಕು, ನೇಕಾರರೂ ಮಾಲಕರೂ ಸರಕಾರದ ಅಧಿಕಾರಿಯೂ ಕೂಡಿದ ಬಹಿರಂಗ ಸಭೆಯಲ್ಲಿ ವರ್ಷಕ್ಕೊಮ್ಮೆ ದರ ಗೊತ್ತಾಗಬೇಕು, ಕಂಡಿಕೆ ಸುತ್ತುವ ಹೆಂಗಸಿನ ಕೂಲಿ ಬೇರೆಯಾಗಿ ಬರೆಯಲ್ಪಡಬೇಕು. ಎರಡು: ಕಬ್ಬಿನ ಹಣ 14 ದಿನಕ್ಕೆ ಬಾರದಿದ್ದರೆ ಶೇಕಡಾ 15 ರ ಬಡ್ಡಿಯನ್ನು ರೈತ ಕೇಳುವ ಮೊದಲೇ ಬಿಲ್ಲಿನಲ್ಲಿ ಕೂಡಿಸುವಂತೆ ಜಿಲ್ಲಾಧಿಕಾರಿಗಳು ನೋಡಿಕೊಳ್ಳಬೇಕು. ಮೂರು: ಸಣ್ಣ ಅಂಗಡಿಕಾರರಿಗೆ ಸಹಕಾರಿ ಬ್ಯಾಂಕುಗಳಿಂದ ಕಡಿಮೆ ಬಡ್ಡಿಯ ಸಾಲ ಸಿಗಬೇಕು, ಊರನ್ನು ಉಣಿಸುವವನು ಬಡ್ಡಿಕೋರನ ಮನೆಯ ಮೆಟ್ಟಿಲು ಹತ್ತುವಂತಾಗಬಾರದು. ನಾಲ್ಕು: ಬೀಳಗಿಯ ಭಾಗದ ಪರಿಹಾರದ ಪಟ್ಟಿಯಲ್ಲಿ ಕೂಲಿಕಾರ, ಕುಶಲಕರ್ಮಿ, ಸಣ್ಣ ವ್ಯಾಪಾರಸ್ಥರ ಹೆಸರೂ ಇರಬೇಕು. ಐದು: ಕುಡಚಿಯ ತನಕ ಹಳಿ ಯಾವ ವರ್ಷ ಮುಟ್ಟುವದೆಂದು ಸರಕಾರ ಬರೆದುಕೊಡಬೇಕು.

ಇವುಗಳಲ್ಲಿ ಒಂದೂ ಅಂಗಡಿಯವನೊಬ್ಬನಿಂದ ಆಗುವದಲ್ಲ, ಕಾರ್ಮಿಕನೊಬ್ಬನಿಂದಲೂ ಆಗುವದಲ್ಲ. ಕಾರ್ಮಿಕ ಮುಷ್ಕರ ಹೂಡಿದಾಗ ವ್ಯಾಪಾರ ಕೆಟ್ಟಿತೆಂದು ಅಂಗಡಿಕಾರ ಬೇಸರಪಡುತ್ತಾನೆ; ಅಂಗಡಿಕಾರ ಬೆಲೆ ಏರಿಸಿದಾಗ ಸುಲಿಗೆಯೆಂದು ಕಾರ್ಮಿಕ ಸಿಟ್ಟಾಗುತ್ತಾನೆ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತಿರುವಾಗ ಮೂರನೆಯವನು ಗಂಟು ಕಟ್ಟಿಕೊಂಡು ಹೋಗುತ್ತಾನೆ. ಕಾರ್ಮಿಕನ ಮಜೂರಿ ಒಂದು ರೂಪಾಯಿ ಏರಿದರೆ ಅದು ಸುರತಕ್ಕಾಗಲಿ ಮುಂಬಯಿಗಾಗಲಿ ಹೋಗುವದಿಲ್ಲ. ಅದೇ ದಿನ ಸಂಜೆಗೆ ಅದೇ ಓಣಿಯ ಅಂಗಡಿಗೆ ಬರುತ್ತದೆ. ಇದನ್ನು ಅಂಗಡಿಕಾರ ಬಂಧುಗಳು ಅರಿಯಬೇಕು. ಮುಂದಿನ ಸಲ ನೇಕಾರರು ಮಜೂರಿ ಕೇಳಲು ತಹಸೀಲ್ದಾರ ಕಚೇರಿಗೆ ಹೊರಟಾಗ ಪೇಟೆಯವರು ಅರ್ಧ ದಿನ ಬಾಗಿಲು ಹಾಕಿ ಜೊತೆಗೆ ನಡೆಯಲಿ. ಬರುವಾಗ ಉದ್ರಿ ಪುಸ್ತಕವನ್ನೂ ಕೈಯಲ್ಲಿ ಹಿಡಿದು ತರಲಿ. ಸಾಹೇಬರ ಮೇಜಿನ ಮೇಲೆ ಇಡಲು ಅದಕ್ಕಿಂತ ಬಲವಾದ ಅರ್ಜಿ ನಮ್ಮ ಊರುಗಳಲ್ಲಿ ಬೇರೊಂದಿಲ್ಲ.